ಸೋಮವ್ವ ಹೊಸೆದ ತಂತಿ

ನನ್ನ ಅತ್ತೆ ಸೋಮವ್ವನ ಬಗ್ಗೆ ಬರೆಯುತ್ತೇನೆ ಎಂದಾಗ ಗೆಳತಿ ವಂದನಾ ಮೊದಲು ಕೇಳಿದ್ದೇ, "ಭಾಳ ಕಾಡ್ತಾಳೇನ ಬೇ?" ಎಂದು. ಸೊಸೆ ಬಾಯಿ ತೆರೆದಳೆಂದರೆ ಅತ್ತೆಯ ದೂರೇ ಹೊರಗೆ ಬೀಳಬೇಕೆಂದು ಇವರಿಗೆಲ್ಲ ಯಾರು ಕಲಿಸಿದರೋ ತಿಳಿಯದು. ಕಾಡಿಲ್ಲ ಎನ್ನುವುದಿಲ್ಲ. ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಇಡೀ ಓಣಿಗೆ ಕೇಳುವಂತೆ ಬೈಯುತ್ತಾಳೆ, ರೊಟ್ಟಿ ದಪ್ಪಗಾದರೆ ನನ್ನ ಕಣ್ಣೆದುರಿಗೇ ಎಮ್ಮೆಗೆ ಹಾಕುತ್ತಾಳೆ. ಆದರೆ ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ನಮ್ಮ ಮನೆಯಲ್ಲಿ ನಡೆದೇ ಇಲ್ಲ. ನಮ್ಮಲ್ಲಿ ಎರಡೂ ಕಾಲ ಸಾಬಣ್ಣ ಮಾವನದೇ ಆಗಿತ್ತು.

ಸಾಬಣ್ಣ ಮಾವ ಎಂದರೆ ನನ್ನ ಮಾವ ಜಕ್ಕಪ್ಪನ ಅಣ್ಣ. ನಮ್ಮದು ಹುನ್ನೂರಿನ ಕುರುಬರ ಮನೆ. ಜಕ್ಕಪ್ಪ ಮಾವ ವರ್ಷದ ಬಹುಭಾಗ ಕುರಿ ಹಿಂಡಿನ ಜೊತೆ ಬೀಳಗಿ ಕಡೆಯ ಹೊಲಗಳಲ್ಲೇ ಇರುತ್ತಾರೆ. ನನ್ನ ಗಂಡ ಪರಮೇಶ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಕಬ್ಬು ನುರಿಸುವ ದಿನಗಳಲ್ಲಿ ಮನೆಗೆ ಬರುವುದು ಮಲಗಲಿಕ್ಕೆ ಮಾತ್ರ. ಒಳ್ಳೆಯ ಮನುಷ್ಯ, ಆದರೆ ದೊಡ್ಡಪ್ಪನ ಮುಂದೆ ನಿಂತರೆ ಅವನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬರುತ್ತದೆ. ಹೀಗಾಗಿ ಹೆಂಡತಿ ತೀರಿಕೊಂಡ ಸಾಬಣ್ಣ ಮಾವ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಇಡೀ ಮನೆಯ ಕಾರಭಾರ ನೋಡುತ್ತಿದ್ದರು.

ಸೋಮವ್ವನ ತವರು ಚಿಕ್ಕಪಡಸಲಗಿ. ಕೃಷ್ಣೆಗೆ ಅಡ್ಡಲಾಗಿ ರೈತರೇ ಕೂಡಿ ಬ್ಯಾರೇಜು ಕಟ್ಟಿದಾಗ ತಾನೂ ಬುಟ್ಟಿ ಹೊತ್ತಿದ್ದೆ ಎನ್ನುತ್ತಾಳೆ. ಆಗ ಆಕೆ ಲಂಗ ತೊಡುವ ಹುಡುಗಿ. ಎಷ್ಟು ಬುಟ್ಟಿ ಹೊತ್ತಳೋ ದೇವರೇ ಬಲ್ಲ, ಪ್ರತಿ ಸಲ ಹೇಳುವಾಗಲೂ ಅವು ಹೆಚ್ಚಾಗುತ್ತಲೇ ಹೋಗುತ್ತವೆ. ಮದುವೆಯಾದ ಮೇಲೆ ಗಂಡನ ಜೊತೆ ಕುರಿಯ ಹಿಂದೆ ಊರೂರು ಅಲೆದಳು. ಪರಮೇಶನನ್ನು ಹಡೆದದ್ದೂ ಯಾವುದೋ ಊರಿನ ಹೊಲದ ಬದುವಿನಲ್ಲಿ. ಮೊಣಕಾಲು ನೋವು ಬಂದ ಮೇಲೆ ಮನೆ ಸೇರಿದವಳು ಒಳಕೋಣೆಯಲ್ಲಿ ಕುಳಿತು ಉಣ್ಣೆ ನೂಲುತ್ತಾಳೆ. ನೂಲು ಕಡಿದರೆ ಆಕೆ ಗಂಟು ಹಾಕುವುದಿಲ್ಲ. ಗಂಟು ಹಾಕಿದ ಕಂಬಳಿ ಮೈಗೆ ಚುಚ್ಚುತ್ತದಂತೆ. ಎರಡೂ ತುದಿಗಳ ಎಳೆ ಬಿಡಿಸಿ, ಉಗುಳು ಹಚ್ಚಿ, ತೊಡೆಯ ಮೇಲಿಟ್ಟು ಅಂಗೈಯಿಂದ ಒಮ್ಮೆ ಹೊಸೆಯುತ್ತಾಳೆ. ಆಮೇಲೆ ಎಲ್ಲಿ ಕಡಿದಿತ್ತು ಎಂದು ಹುಡುಕಿದರೂ ಸಿಗುವುದಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂಬುದು ಸ್ವಲ್ಪ ಹೊತ್ತಿನಲ್ಲಿ ತಿಳಿಯುತ್ತದೆ.

ನಾನು ಪೂನಮ್, ಮುಧೋಳದವಳು. ಜಮಖಂಡಿಯಲ್ಲಿ ಬಿ.ಸಿ.ಎ. ಓದಿದೆ. ಆಗ ಅಪ್ಪ ಕೊಡಿಸಿದ ಲ್ಯಾಪ್‌ಟಾಪನ್ನು ಸೀರೆಗಳ ನಡುವೆ ಇಟ್ಟುಕೊಂಡೇ ಈ ಮನೆಗೆ ಬಂದೆ. ಕಲಿತದ್ದು ಕೈಯಲ್ಲಿದ್ದೂ ಹಿಂಡಿ ಕಲಸುತ್ತ, ಸೆಗಣಿ ಬಳಿಯುತ್ತ ದಿನ ಕಳೆಯುವುದು ನನಗೆ ಆಗುತ್ತಿರಲಿಲ್ಲ. ಆ ಕೆಲಸ ಕೀಳು ಅಂತಲ್ಲ, ಅದೊಂದೇ ಆಗಬಾರದು ಅಂತ. ಸಿಕ್ಕಸಿಕ್ಕಲ್ಲಿ ಅರ್ಜಿ ಹಾಕಿ, ಕಡೆಗೊಮ್ಮೆ ಪಂಪ್‌ಸೆಟ್ ಮಾರುವ ಕಂಪನಿಯೊಂದರ ಸಹಾಯವಾಣಿಗೆ ಆಯ್ಕೆಯಾದೆ. ಪಂಪು ಕೆಟ್ಟ ರೈತರು ಫೋನು ಮಾಡುತ್ತಾರೆ, ಮನೆಯಲ್ಲೇ ಕೂತು ಕನ್ನಡದಲ್ಲಿ ಉತ್ತರ ಹೇಳಬೇಕು. ಒಂದು ಪರೀಕ್ಷೆ ಮಾತ್ರ ಉಳಿದಿತ್ತು. ಸೋಮವಾರ ಬೆಳಿಗ್ಗೆ ಇಂಟರ್‌ನೆಟ್ ಮೂಲಕ ಮಾತಾಡಿ ತೋರಿಸಬೇಕು, ನಡುವೆ ಲೈನು ಕಡಿದರೆ ಆಯ್ಕೆ ರದ್ದು.

ಸಾಬಣ್ಣ ಮಾವ ಇದಕ್ಕೆ ಒಪ್ಪಿದ್ದೇ ದೊಡ್ಡದು. ಒಪ್ಪಿಗೆಗೊಂದು ಕರಾರೂ ಇತ್ತು. "ಮನಿ ಹೊಸ್ತಲಾ ದಾಟಂಗಿಲ್ಲ. ಇದೊಂದ ಸಲ ನೋಡು. ಆಗ್ಲಿಲ್ಲಂದ್ರ ಆ ಪೆಟಗಿ ಮುಚ್ಚಿ ಇಡಬೇಕು, ಮತ್ತ ಅದರ ಸುದ್ದಿ ತಗೀಬಾರದು" ಎಂದಿದ್ದರು. ಪೆಟಗಿ ಎಂದರೆ ನನ್ನ ಲ್ಯಾಪ್‌ಟಾಪು. ನಾನು ಹೂಂ ಎಂದಿದ್ದೆ.

ಪರೀಕ್ಷೆಗೆ ಹದಿನೈದು ದಿನ ಇರುವಾಗ ಲ್ಯಾಪ್‌ಟಾಪಿನ ವೈಫೈ ಸತ್ತಿತು. ನಮ್ಮದು ಮಣ್ಣಿನ ಮಾಳಿಗೆಯ ಮನೆ, ಗೋಡೆಗಳು ಮೊಳಕ್ಕಿಂತ ದಪ್ಪ. ಒಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಪಡಸಾಲೆಯ ಬೆಳಕಿಂಡಿಯಲ್ಲಿ ಫೋನನ್ನು ಚೀಲದಲ್ಲಿ ತೂಗುಹಾಕಿ, ಅದರ ಹಾಟ್‌ಸ್ಪಾಟನ್ನು ಒಳಕೋಣೆಯಲ್ಲಿ ಲ್ಯಾಪ್‌ಟಾಪಿಗೆ ಹಿಡಿಸಿಕೊಂಡು ನಾನು ಅಭ್ಯಾಸ ಮಾಡುತ್ತಿದ್ದೆ. ಫೋನಿನಿಂದ ಸೀದಾ ವೈರು ಹಚ್ಚಬಾರದಿತ್ತೇ, ಇಲ್ಲವೇ ಹೊರಗೆ ಸಿಕ್ಕಿಸುವ ವೈಫೈ ಕಡ್ಡಿ ತರಬಾರದಿತ್ತೇ ಎಂದು ಬುದ್ಧಿ ಹೇಳುವವರಿದ್ದಾರೆ. ಅವರಿಗೆ ಗೊತ್ತಿರಲಿ, ಎರಡು ಯುಎಸ್‌ಬಿ ತೂತುಗಳಲ್ಲಿ ಒಂದು ಕಾಲೇಜಿನಲ್ಲಿದ್ದಾಗಲೇ ಹಾಳಾಗಿತ್ತು. ಇನ್ನೊಂದು ಕಂಪನಿಯವರು ಕಡ್ಡಾಯ ಮಾಡಿದ ಹೆಡ್‌ಫೋನಿಗೆ ಬೇಕಿತ್ತು.

ಅತ್ತೆಯನ್ನು ಕರೆದುಕೊಂಡು ಜಮಖಂಡಿಯ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವನು ಲ್ಯಾಪ್‌ಟಾಪಿನ ಮುಚ್ಚಳ ಸಹ ತೆರೆಯದೆ, "ಹಳೇದ ಐತಿ. ಬೋರ್ಡ ಹೋಗಿರತೈತಿ. ಹೊಸಾದು ತಗೋರಿ" ಎಂದ. ಮರುಗಳಿಗೆಗೆ, "ನಿಮ್ಮ ಯಜಮಾನರನ್ನ ಕಳಸ್ರಿ, ಅವರ ಜೋಡಿ ಮಾತಾಡ್ತೇನಿ" ಎಂದೂ ಸೇರಿಸಿದ. ನನಗೆ ಮೈಯೆಲ್ಲ ಉರಿಯಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಲ್ಯಾಪ್‌ಟಾಪನ್ನು ಎತ್ತಿ ಸೆರಗಿನೊಳಗೆ ಸೇರಿಸಿದಳು.

"ಕುರಿ ಕುಂಟಿದ್ರ ಕಾಲ ಎತ್ತಿ ಮುಳ್ಳ ನೋಡ್ತಾರ ತಮ್ಮಾ. ಹಿಂಡ ಮಾರೂದಿಲ್ಲ" ಎಂದಳು. ಬಸ್ ಸ್ಟ್ಯಾಂಡಿಗೆ ಬರುವವರೆಗೂ ಅವನನ್ನು ಬೈದಳು. ಕಡೆಗೆ ನನ್ನ ಕಡೆ ತಿರುಗಿ, "ನೀ ಇದನ್ನ ಕಲತಾಕಿ ಹೌದಲ್ಲೋ? ಮತ್ತ ನೀನ ಬಿಚ್ಚು. ಉಗರಲೆ ಹೋಗೂದಕ್ಕ ಕೊಡ್ಲಿ ಯಾಕ" ಎಂದಳು.

ಓದುವಾಗ ನಾವು ಪುಸ್ತಕದ ಚಿತ್ರ ನೋಡಿದ್ದೇ ಹೆಚ್ಚು, ಲ್ಯಾಪ್‌ಟಾಪ್ ಬಿಚ್ಚಿದ್ದು ಇಲ್ಲವೇ ಇಲ್ಲ ಎಂದು ಆಕೆಗೆ ಹೇಗೆ ಹೇಳಲಿ. ಫೋನಿನಲ್ಲಿ ವಿಡಿಯೋ ನೋಡಿ, ನನ್ನ ಮಾಡೆಲಿಗೆ ಹೊಂದುವ ವೈಫೈ ಕಾರ್ಡು ತರಿಸಿದೆ. ಬಿಸ್ಕೀಟಿನ ಅರ್ಧದಷ್ಟಿರುವ ಹಸಿರು ಹಲಗೆ. ಒಂದು ಅಂಚಿನಲ್ಲಿ ಬಂಗಾರ ಬಣ್ಣದ ಸಾಲು ಹಲ್ಲು, ಇನ್ನೊಂದು ತುದಿಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಎರಡು ಗುಂಡಿ. ಆ ಗುಂಡಿಗಳಿಗೆ ಆಂಟೆನಾದ ಎರಡು ತಂತಿ ಕೂರಬೇಕು, ಒಂದು ಕಪ್ಪು, ಒಂದು ಬಿಳಿ. ತಂತಿಗಳು ಅಲ್ಲಿಂದ ಹೊರಟು, ಮುಚ್ಚಳದ ಕೀಲಿನೊಳಗೆ ನುಸುಳಿ, ಪರದೆಯ ಮೇಲಂಚಿನವರೆಗೆ ಹೋಗುತ್ತವೆ. ಗಾಳಿಯಲ್ಲಿ ಬರುವ ಸಿಗ್ನಲನ್ನು ಹಿಡಿಯುವುದು ಅವೇ.

ಶುಕ್ರವಾರ ಊಟ ಮುಗಿದ ಮೇಲೆ ಒಳಕೋಣೆಯಲ್ಲಿ ಚಾಪೆ ಹಾಸಿ ಕೂತೆ. ಬ್ಯಾಟರಿ ತೆಗೆದು, ತಳದ ಸ್ಕ್ರೂಗಳನ್ನು ಬಿಚ್ಚಿ ತಾಟಿನಲ್ಲಿಟ್ಟೆ. ಹಳೆಯ ಕಾರ್ಡು ಸುಲಭವಾಗಿ ಬಂತು. ಹೊಸದನ್ನು ಓರೆಯಾಗಿ ತೂರಿಸಿ, ಒತ್ತಿ, ಸ್ಕ್ರೂ ಬಿಗಿದೆ. ತಂತಿಗಳನ್ನು ಗುಂಡಿಯ ಮೇಲಿಟ್ಟು ಉಗುರಿನಿಂದ ಅಮುಕಿದಾಗ ಟಕ್ ಎಂದು ಕೂತವು. ಆನ್ ಮಾಡಿದರೆ ಲ್ಯಾಪ್‌ಟಾಪಿಗೆ ಕಾರ್ಡೇ ಕಾಣಲಿಲ್ಲ. ಮತ್ತೆ ಬಿಚ್ಚಿದೆ. ಕಾರ್ಡು ಪೂರ್ತಿ ಒಳಗೆ ಹೋಗದೆ ಕೂದಲೆಳೆಯಷ್ಟು ಹೊರಗೆ ಉಳಿದಿತ್ತು. ಹಲ್ಲುಗಳನ್ನು ರಬ್ಬರಿನಿಂದ ಒರೆಸಿ ಗಟ್ಟಿಯಾಗಿ ತೂರಿಸಿದೆ, ಕಾಣಿಸಿತು. ಅದನ್ನು ನಡೆಸುವ ಸಾಫ್ಟ್‌ವೇರನ್ನು ಮಾಳಿಗೆ ಹತ್ತಿ ಫೋನಿಗೆ ವೈರು ಹಚ್ಚಿ ಇಳಿಸಿಕೊಂಡೆ. ಎಲ್ಲ ಸರಿಯಾಯಿತು ಎಂದು ತಳ ಮುಚ್ಚುವಾಗ ಬಿಳಿ ತಂತಿ ಕೀಲಿನ ಹತ್ತಿರ ಸಿಕ್ಕಿಕೊಂಡಿತು. ಸ್ವಲ್ಪ ಎಳೆದೆ. ವರ್ಷಗಟ್ಟಲೆ ಮುಚ್ಚಿ ತೆರೆದು ಸವೆದಿದ್ದ ತಂತಿ ಕಡಿದು ಕೈಗೆ ಬಂತು.

ಅಳು ಬಂದುಬಿಟ್ಟಿತು. ಅಡುಗೆಮನೆಗೆ ಹೋಗಿ ಮುಖ ತೊಳೆದುಕೊಂಡು, ಅಲ್ಲೇ ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತಿದ್ದೆ. ವಾಪಸು ಬಂದು ನೋಡಿದರೆ ಅತ್ತೆ ಲ್ಯಾಪ್‌ಟಾಪನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾಳೆ. ಕಡಿದ ತಂತಿ ಒಂದಾಗಿದೆ. ತುದಿಗಳ ಸಿಪ್ಪೆಯನ್ನು ಹಲ್ಲಿನಿಂದ ಸುಲಿದು, ಒಳಗಿನ ಎಳೆಗಳನ್ನೆಲ್ಲ ಬಿಡಿಸಿ, ಉಗುಳು ಹಚ್ಚಿ, ತೊಡೆಯ ಮೇಲೆ ಹೊಸೆದು ಕೂಡಿಸಿ, ಮೇಲೆ ಕರಿ ಉಣ್ಣೆಯ ನೂಲು ಬೇರೆ ಸುತ್ತಿದ್ದಳು. "ಜಗ್ಗಿ ನೋಡು, ಹರದ್ರ ಕೇಳು" ಎಂದಳು. ನೂಲು ಸರಿಸಿ ನೋಡಿದರೂ ಎಳೆ ಕೂಡಿದ ಜಾಗ ಕಾಣುತ್ತಲೇ ಇರಲಿಲ್ಲ, ಅಷ್ಟು ಚೆಂದ ಹೊಸೆದಿದ್ದಳು.

"ಅತ್ತೀ, ಏನ ಮಾಡಿದ್ರಿ ಇದನ್ನ" ಎಂದು ಕೂಗಿಯೇಬಿಟ್ಟೆ. ಆ ತಂತಿ ನೂಲಿನಂತಲ್ಲ. ನಟ್ಟನಡುವೆ ಒಂದು ಎಳೆ, ಅದರ ಸುತ್ತ ಬಿಳಿ ಕವಚ, ಕವಚದ ಮೇಲೆ ಸಣ್ಣ ಎಳೆಗಳ ಜಾಳಿಗೆ, ಅದರ ಮೇಲೆ ಸಿಪ್ಪೆ. ನಡುವಿನ ಎಳೆ ಮತ್ತು ಹೊರಗಿನ ಜಾಳಿಗೆ ಒಂದಕ್ಕೊಂದು ತಾಗಲೇಬಾರದು. ತಾಗಿದರೆ ಸಿಗ್ನಲ್ ಅಲ್ಲೇ ಸಾಯುತ್ತದೆ. ಅತ್ತೆ ಎಲ್ಲವನ್ನೂ ಕೂಡಿಸಿ ಒಂದೇ ಮಾಡಿದ್ದಳು. ಅಷ್ಟು ಗಟ್ಟಿ ಹೊಸೆದದ್ದನ್ನು ಬಿಡಿಸಲು ಹೋದರೆ ತಂತಿಯೇ ಪುಡಿಯಾಗುತ್ತಿತ್ತು. ನಾನು ಇದನ್ನೆಲ್ಲ ಹೇಳಿದೆ, ಸಿಟ್ಟಿನಲ್ಲೇ ಹೇಳಿದೆ.

ಸೋಮವ್ವ ತಲೆ ತಗ್ಗಿಸುವ ಪೈಕಿ ಅಲ್ಲ. "ತಾಗಬಾರದು ಅಂತಿದ್ರ ಒಂದ ಸಿಪ್ಪಿಯೊಳಗ ಯಾಕ ಇಟ್ರು, ಯಾವ ಮೂಳ ಮಾಡಿದ್ನೋ ಏನೋ" ಎಂದು ತಂತಿ ಮಾಡಿದವನನ್ನೇ ಬೈದಳು. "ಎಳಿ ಕಡದಿತ್ತು, ಹೊಸದೆ. ನೀ ಅಳಾಕತ್ತಿದ್ದಿ, ನಾ ಸುಮ್ಮನ ಕುಂದರ್ಲೇನ?" ಇಷ್ಟು ವರ್ಷದಲ್ಲಿ ನನ್ನ ಅಳುವಿಗೆ ಯಾರೂ ತೊಡೆಯ ಮೇಲೆ ಏನನ್ನೂ ಹೊಸೆದಿರಲಿಲ್ಲ.

ಕಪ್ಪು ತಂತಿ ಒಂದೇ ಉಳಿದಿತ್ತು. ಅದೊಂದರಿಂದ ವೈಫೈ ನಡೆಯುತ್ತದೆ, ಆದರೆ ದೂರದ ಸಿಗ್ನಲ್ ಹಿಡಿಯುವ ಶಕ್ತಿ ಇರುವುದಿಲ್ಲ. ಒಳಕೋಣೆಯಲ್ಲಿ ಏನೂ ಬರಲಿಲ್ಲ. ನಡುಮನೆಯಲ್ಲಿ ಬಂದು ಬಂದು ಹೋಯಿತು. ಬೆಳಕಿಂಡಿಯಲ್ಲಿ ತೂಗುವ ಫೋನಿನ ಕೆಳಗೆ, ಪಡಸಾಲೆಯಲ್ಲಿ ಮಾತ್ರ ಗಟ್ಟಿಯಾಗಿ ನಿಂತಿತು. ಮಾಳಿಗೆಯ ಮೇಲೆ ಕೂರೋಣವೆಂದರೆ ಗಾಳಿಯ ಸದ್ದು, ಓಣಿಯ ಗದ್ದಲ; ಕಂಪನಿಯವರು ಸದ್ದಿಲ್ಲದ ಕೋಣೆಯೇ ಬೇಕು ಎಂದಿದ್ದರು. ಹೊಸ ತಂತಿಗೆ ಆರ್ಡರು ಹಾಕಿದೆ. ಅದು ಬರುವುದು ಪರೀಕ್ಷೆ ಮುಗಿದ ಮೇಲೆ.

ಪಡಸಾಲೆ ಎಂದರೆ ಏನು ಮಹಾ, ಮನೆಯ ಮುಂದಿನ ಕೋಣೆ ತಾನೇ ಎನ್ನಬಹುದು ನೀವು. ನಮ್ಮ ಮನೆಯಲ್ಲಿ ಹೆಂಗಸರು ಅದನ್ನು ಗುಡಿಸುತ್ತಾರೆ, ಸಾರಿಸುತ್ತಾರೆ, ಅಲ್ಲಿ ಕೂಡುವವರಿಗೆ ಚಹಾ ಕೊಡುತ್ತಾರೆ. ತಾವು ಕೂಡುವುದಿಲ್ಲ. ಸಾಬಣ್ಣ ಮಾವ ಇದ್ದಾಗಲಂತೂ ಬಾಗಿಲ ಮರೆಯಲ್ಲಿ ನಿಲ್ಲಬೇಕು. ಗಂಡನ ಅಣ್ಣನ ಎದುರು ನಿಂತು ಮಾತಾಡುವ ರೂಢಿಯೂ ಇಲ್ಲದ ಕಾರಣ ಸೋಮವ್ವ ಮದುವೆಯಾದಾಗಿನಿಂದ ತನ್ನ ಭಾವನಿಗೆ ಹೇಳಬೇಕಾದದ್ದನ್ನು ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದಳು. "ಕಂಬಪ್ಪಾ, ಊಟಕ್ಕ ಹೊತ್ತಾತು ಅನ್ನು." ಅವರೂ ಕಂಬಕ್ಕೇ ಉತ್ತರ ಕೊಡುತ್ತಿದ್ದರು. ಹೊಸದಾಗಿ ಬಂದಾಗ ಇದನ್ನು ನೋಡಿ ನಾನು ನಗು ತಡೆಯಲಾರದೆ ಕೊಟ್ಟಿಗೆಗೆ ಓಡಿದ್ದೆ.

ಭಾನುವಾರ ಸಂಜೆ ಅತ್ತೆ ಬಾಗಿಲ ಮರೆಯಿಂದ ಕಂಬಕ್ಕೆ ಹೇಳಿದಳು. ನಾಳೆ ಮುಂಜಾನೆ ಒಂದು ತಾಸು ಸೊಸೆಗೆ ಪಡಸಾಲೆ ಬೇಕು ಎಂದು. ಸಾಬಣ್ಣ ಮಾವ ಕಂಬವನ್ನೇ ನೋಡುತ್ತ, "ಸೊಸಿ ಪಡಸಾಲ್ಯಾಗ ಕುಂತು ಪರಗಂಡಸರ ಜೋಡಿ ಮಾತಾಡೂದು ಈ ಮನ್ಯಾಗ ಆಗೂದಿಲ್ಲ. ನಾಳಿ ಕಬ್ಬ ಕಡಿಯೂ ಗ್ಯಾಂಗಿನ ಮಾತಿಗೆ ಹಿರ್‍ಯಾರು ಬರೂರದಾರ. ಒಳಗ ಸಿಗ್ನಲ್ ಬರ್ಲಿಲ್ಲಂದ್ರ ಪೆಟಗಿ ಮುಚ್ಚಲಿ, ಮೊದಲ ಮಾತಾಗೇತಿ" ಎಂದರು. ಮಾತು ಅಲ್ಲಿಗೆ ಮುಗಿಯಿತು. ಪರಮೇಶ ಕೆಮ್ಮಿದ.

ಬೆಳಿಗ್ಗೆ ಸಾಬಣ್ಣ ಮಾವ ಕುರ್ಚಿಯಲ್ಲಿ, ಊರಿನ ಇಬ್ಬರು ಹಿರಿಯರು ಜಮಖಾನೆಯ ಮೇಲೆ ಕೂತಿದ್ದರು. ನಾನು ಲ್ಯಾಪ್‌ಟಾಪ್ ಎದೆಗವಚಿಕೊಂಡು ನಡುಮನೆಯಲ್ಲಿ ನಿಂತಿದ್ದೆ. ಇನ್ನು ಮುಗಿಯಿತು, ಮುಚ್ಚಿ ಇಡುವುದೇ ಎಂದುಕೊಂಡೆ. ಅತ್ತೆ ಹಿರಿಯರಿಗೆ ಚಹಾ ಕೊಟ್ಟು ಖಾಲಿ ತಾಟನ್ನು ನೆಲಕ್ಕಿಟ್ಟಳು. ಬಾಗಿಲ ಮರೆಯಲ್ಲಿ ನಿಲ್ಲಲಿಲ್ಲ. ಪಡಸಾಲೆಯ ನಡುವೆ ಹೋಗಿ, ಕಂಬಕ್ಕೆ ಬೆನ್ನು ಮಾಡಿ ನಿಂತಳು.

"ಭಾವಾರ, ಏಳ್ರಿ."

ಸಾಬಣ್ಣ ಮಾವ ಅತ್ತ ಇತ್ತ ನೋಡಿದರು. "ಯಾರಿಗಿ ಅಂದಿ?"

"ನಿಮಗ ಅಂದೇನ್ರಿ. ನಿಮ್ಮ ಮುಂದ ನಿಂತು ನಿಮಗ ಅಂದೇನಿ."

ಹಿರಿಯರು ಚಹಾದ ಕಪ್ಪನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡು ಕೂತರು. ಸಾಬಣ್ಣ ಮಾವನ ಮುಖ ಕೆಂಪಾಯಿತು. "ಸೊಸಿ ಇಲ್ಲಿ ಕುಂತ್ರ ನಾವು ಎಲ್ಲಿ ಕುಂದ್ರೂದು?" ಎಂದರು.

"ಹೊರಗ ಕಟ್ಟಿ ಮ್ಯಾಲ ಬಿಸಲ ಬಿದ್ದೈತಿ. ಚಳಿದಿವಸ, ಮೈಗಿ ಛಲೋ."

"ಮನಿ ಮಾನ ಹೋಗತೈತಿ, ಖಬರ ಐತಿಲ್ಲೋ?"

"ಯಾವ ಮಾನರೀ?" ಅತ್ತೆಯ ದನಿ ಏರಲಿಲ್ಲ, ಅದೇ ಹೆಚ್ಚು ಹೆದರಿಕೆಯಾಗುವಂತಿತ್ತು. "ಕುರಿ ಹಿಂದ ಊರೂರು ತಿರಗೇನಿ. ಮಂದಿ ಹೊಲದಾಗ ಹಡದೇನಿ. ತ್ವಾಳ ಬಂದ್ರ ಗಂಡಸರಕಿಂತ ಮುಂದ ಬಡಿಗಿ ಹಿಡದು ನಿಂತೇನಿ. ಅವಾಗ ಹೋಗಲಾರದ ಮಾನ ಈಗ ಪಡಸಾಲಿಗೆ ಬಂದ್ರ ಹೋಗತೈತಿ? ಹಂಗ ಹೋಗೂ ಮಾನ ಹೋಗ್ಲಿ ಬಿಡ್ರಿ. ಹೊಳಿಗೇ ಅಡ್ಡ ನಿಂತ ಊರಾಕಿ ನಾ, ನಿಮಗ ಅಡ್ಡ ನಿಂದ್ರೂದು ನನಗ ಭಾರ ಅಲ್ಲ. ಏಳ್ರಿ, ಹುಡುಗಿಗಿ ಹೊತ್ತಾತು."

ಮೊದಲು ಎದ್ದವರು ಹಿರಿಯರು. ಒಬ್ಬರು ಚಹಾ ಅಲ್ಲೇ ಇಟ್ಟರು, ಇನ್ನೊಬ್ಬರು ಕಪ್ಪು ಹಿಡಿದುಕೊಂಡೇ ಹೊರಗೆ ಹೋದರು. ಒಬ್ಬರೇ ಉಳಿದ ಸಾಬಣ್ಣ ಮಾವ ಸ್ವಲ್ಪ ಹೊತ್ತು ಕುರ್ಚಿಯ ಕೈ ಹಿಡಿದುಕೊಂಡು ಕೂತಿದ್ದರು. ಆಮೇಲೆ ಟೊಪ್ಪಿಗೆ ಸರಿಮಾಡಿಕೊಂಡು, ಯಾರನ್ನೂ ನೋಡದೆ ಎದ್ದು ಹೋದರು.

ಪರೀಕ್ಷೆ ಶುರುವಾಯಿತು. ಆ ಕಡೆಯಿಂದ ಒಬ್ಬ ಅಧಿಕಾರಿ ಪಂಪು ನೀರೆತ್ತದೆ ರೊಚ್ಚಿಗೆದ್ದ ರೈತನ ಪಾತ್ರ ಮಾಡುತ್ತಿದ್ದರು. ಈ ಮನೆಯಲ್ಲಿ ಬಾಳಿದವಳಿಗೆ ಅದು ಸಿಟ್ಟೇ ಅಲ್ಲ. ಪೈಪಿನ ತಳದ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆಯೇ ನೋಡಿ ಎಂದು ಸಮಾಧಾನವಾಗಿ ಹೇಳುತ್ತಿದ್ದೆ. ನಡುವೆ ದನಿ ಒಡೆದು ಒಡೆದು ಬರತೊಡಗಿತು. ನಾನು ನೆಲದ ಮೇಲೆ ಕೂತಿದ್ದೆ, ಬೆಳಕಿಂಡಿ ಇನ್ನೂ ಹತ್ತಿರ ಬೇಕಿತ್ತು. ಬೆಳಕಿಂಡಿಯ ಸರಿಯಾಗಿ ಕೆಳಗೆ ಇದ್ದದ್ದು ಸಾಬಣ್ಣ ಮಾವನ ಕುರ್ಚಿ. ಅತ್ತೆಯನ್ನು ನೋಡಿದೆ. ಆಕೆ ಹೊರಬಾಗಿಲಿನ ಎರಡೂ ಚೌಕಟ್ಟಿಗೆ ಕೈ ಕೊಟ್ಟು ಯಾರೂ ಒಳಗೆ ಬರದಂತೆ ನಿಂತಿದ್ದಳು, ಅಲ್ಲಿಂದಲೇ ಗದ್ದದಿಂದ ಕುರ್ಚಿ ತೋರಿಸಿದಳು. ಹತ್ತಿ ಕೂತೆ. ದನಿ ಸ್ವಚ್ಛವಾಯಿತು, ಕೊನೆಯವರೆಗೂ ಹಾಗೇ ಇತ್ತು. ಗುರುವಾರದಿಂದ ಕೆಲಸಕ್ಕೆ ಹಾಜರಾಗಿ ಎಂದರು.

ಗುರುವಾರದಿಂದ ದಿನವೂ ಪಡಸಾಲೆಯಲ್ಲೇ ಕೂತೆ. ಸಾಬಣ್ಣ ಮಾವ ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆಲ್ಲ, ತಂತಿ ಕೆಟ್ಟಿದೆ, ನಾಲ್ಕು ದಿನದ ಮಾತು ಎಂದು ಹೇಳಿಕೊಳ್ಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಹೊಸ ತಂತಿ ಬಂದ ದಿನ ಪರದೆಯ ಸುತ್ತಲಿನ ಚೌಕಟ್ಟು ಬಿಡಿಸಿ, ಅತ್ತೆ ಹೊಸೆದದ್ದನ್ನು ತೆಗೆದು, ಹೊಸದನ್ನು ಕೀಲಿನೊಳಗಿಂದ ನಿಧಾನವಾಗಿ ಎಳೆದು ಗುಂಡಿಗೆ ಕೂರಿಸಿದೆ. ಒಳಕೋಣೆಗೆ ಒಯ್ದು ನೋಡಿದರೆ ಸಿಗ್ನಲಿನ ಅಷ್ಟೂ ಗೆರೆ ತುಂಬಿದ್ದವು. ಅತ್ತೆಗೆ ಕೂಗಿ ಹೇಳಿದೆ. ಹೊರಗೂ ಕೇಳಿಸಿರಬೇಕು, ಸಾಬಣ್ಣ ಮಾವ ಕಟ್ಟೆಯಿಂದ ಎದ್ದು ಒಳಗೆ ಬಂದರು. ನಾನು ಸೆರಗು ಸರಿಮಾಡಿಕೊಂಡು, ಪಡಸಾಲೆಯಲ್ಲಿದ್ದ ಹೆಡ್‌ಫೋನು, ಚಾರ್ಜರು ಎತ್ತಿಕೊಳ್ಳತೊಡಗಿದೆ. ನಿಜ ಹೇಳಬೇಕೆಂದರೆ ನಾನು ಒಳಗೆ ಹೋಗುವವಳೇ ಇದ್ದೆ.

"ತಂತಿ ಬರೋಬ್ಬರಿ ಆತಂತ?" ಎಂದು ಸಾಬಣ್ಣ ಮಾವ ಅತ್ತೆಯನ್ನು ಕೇಳಿದರು.

"ಆತ್ರಿ."

"ಒಳಗೂ ಬರತೈತಂತ?"

"ಬರತೈತ್ರಿ. ಮೂಲಿ ಮೂಲಿಗೂ ಬರತೈತಿ."

"ಹಂಗಾದ್ರ ಆತು ಬಿಡು. ಪಡಸಾಲಿ ಖಾಲಿ ಮಾಡ್ರಿ ಇನ್ನ."

ಅತ್ತೆ ನನ್ನ ಕೈಯಿಂದ ಚಾರ್ಜರು ತೆಗೆದುಕೊಂಡು ಮತ್ತೆ ಇದ್ದಲ್ಲೇ ಇಟ್ಟಳು. ಮೊಣಕಾಲು ಹಿಡಿದುಕೊಂಡು, ಉಶ್ ಎಂದು, ಜಮಖಾನೆಯ ಮೇಲೆ ಕೂತಳು. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಆ ಪಡಸಾಲೆಯಲ್ಲಿ ಆಕೆ ಕೂತದ್ದು ಅದೇ ಮೊದಲು. ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿ ನನಗೆ ತೋರಿಸಿದಳು.

"ಇಲ್ರಿ ಭಾವಾರ" ಎಂದಳು. "ನಾವು ಇಲ್ಲೇ ಕುಂದ್ರತೇವ್ರಿ."